ಪಿಯುಸಿ ಮುಗಿಸಿ ಒಂದು ಟೆಸ್ಟ್ ಬರೆದರೆ ಪೈಲಟ್? ಆ ಫಾರ್ವರ್ಡ್‌ನಲ್ಲಿ ನಿಜ ಎಷ್ಟು, ಸುಳ್ಳು ಎಷ್ಟು?

ಪಿಯುಸಿ ಫಲಿತಾಂಶದ ಹೊತ್ತಿಗೆ ಕುಂದಾಪುರ, ಬೈಂದೂರು, ಬ್ರಹ್ಮಾವರದ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತದೆ. ಪದಗಳು ವರ್ಷ ವರ್ಷ ಬದಲಾಗುತ್ತವೆ, ಧಾಟಿ ಮಾತ್ರ ಅದೇ: ‘ದೇಶದಲ್ಲಿ 30,000 ಪೈಲಟ್ ಹುದ್ದೆ ಖಾಲಿ. ಪಿಯುಸಿ ಪಾಸಾದವರಿಗೆ ನೇರ ಅವಕಾಶ. ಒಂದೇ ಆನ್‌ಲೈನ್ ಟೆಸ್ಟ್. ಕನ್ನಡಕ ಇದ್ದವರು ಅರ್ಜಿ ಹಾಕಬೇಡಿ. ನೂರಕ್ಕೆ ನೂರು ಪ್ಲೇಸ್‌ಮೆಂಟ್. ನಿಮ್ಮ ಊರಿನ ಮಕ್ಕಳಿಗೆ ತಿಳಿಸಿ.’

ನಮ್ಮ ಮನೆ ಗುಂಪಿಗೂ ಅದು ಬಂತು. ಅರ್ಧ ಗಂಟೆಯಲ್ಲಿ ಬೈಂದೂರಿನಿಂದ ಮಾವನ ಫೋನ್: ‘ಇದ್ ಹೌದಾ ಕಾಣ್. ನಮ್ ಮಾಣಿಗೆ ಕನ್ನಡಕ ಇತ್ತಲೆ, ಅವ್ನಿಗ್ ಆತ್ತಾ ಇಲ್ಯಾ?’ ಮಾವನಿಗೆ ಇರುವುದು ಒಂದು ಗದ್ದೆ, ಸ್ವಲ್ಪ ತೆಂಗಿನ ತೋಟ. ಪೈಲಟ್ ತರಬೇತಿಯ ಮಾತು ಬಂದರೆ ಆ ತೋಟದ ಆರ್‌ಟಿಸಿ ಬ್ಯಾಂಕಿಗೆ ಹೋಗುತ್ತದೆ. ಹಾಗಾಗಿ ಈ ಫಾರ್ವರ್ಡ್ ಅನ್ನು ಸಾಲು ಸಾಲಾಗಿ ಬಿಡಿಸಿ ನೋಡೋಣ.

‘ಒಂದೇ ಟೆಸ್ಟ್’: ಯಾವ ಟೆಸ್ಟ್?

ಇಲ್ಲಿ ಎರಡು ಬೇರೆ ಬೇರೆ ಪರೀಕ್ಷೆಗಳು ಕಲಸುಮೇಲೋಗರ ಆಗಿವೆ. ಒಂದು, ತರಬೇತಿಗೆ ಸೇರುವ ಮೊದಲಿನ ಆಯ್ಕೆ ಪರೀಕ್ಷೆ. ಇನ್ನೊಂದು, ತರಬೇತಿಯ ಜೊತೆಗೆ ಬರೆಯುವ ಲೈಸೆನ್ಸ್ ಪರೀಕ್ಷೆ.

ಲೈಸೆನ್ಸ್ ಕೊಡುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ. ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ ಕನಿಷ್ಠ 18 ವರ್ಷ ವಯಸ್ಸು, ಭೌತಶಾಸ್ತ್ರ ಮತ್ತು ಗಣಿತ ಓದಿ ಪಿಯುಸಿ ಪಾಸು, 200 ಗಂಟೆ ಹಾರಾಟ, ಜೊತೆಗೆ ನ್ಯಾವಿಗೇಷನ್, ಹವಾಮಾನ, ವಾಯುಯಾನ ನಿಯಮ, ತಾಂತ್ರಿಕ ವಿಷಯಗಳ ಪರೀಕ್ಷೆಯಲ್ಲಿ ತಲಾ ಶೇ. 70 ಅಂಕ ಬೇಕು. ಕಾಮರ್ಸ್ ಓದಿದವರು ಮುಕ್ತ ಶಾಲೆ ಎನ್‌ಐಒಎಸ್ ಮೂಲಕ ಆ ಎರಡು ವಿಷಯ ಬರೆದು ಬರುವ ದಾರಿ ಇದೆ. ಈ ವಿಷಯದ ನಿಯಮವನ್ನೇ ಸಡಿಲಿಸುವ ಪ್ರಸ್ತಾಪ 2025ರಲ್ಲಿ ಸುದ್ದಿಯಾಗಿತ್ತು. ಪ್ರಸ್ತಾಪ ಬೇರೆ, ನಿಯಮ ಬೇರೆ. ಡಿಜಿಸಿಎ ವೆಬ್‌ಸೈಟ್‌ನಲ್ಲಿ ಬಂದ ಮೇಲೆ ಮಾತ್ರ ಅದು ನಿಯಮ.

ಆಯ್ಕೆ ಪರೀಕ್ಷೆ ನಡೆಸುವುದು ಸಂಸ್ಥೆಗಳು. ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನಲ್ಲಿ ಕೇಂದ್ರ ಸರಕಾರದ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿ ಇದೆ. ಅಲ್ಲಿ ಪಿಯುಸಿ ಮಟ್ಟದ ಇಂಗ್ಲಿಷ್, ಗಣಿತ, ಭೌತಶಾಸ್ತ್ರ, ತರ್ಕ, ಸಾಮಾನ್ಯ ಜ್ಞಾನದ ಲಿಖಿತ ಪರೀಕ್ಷೆ, ಆಮೇಲೆ ಪೈಲಟ್ ಆಪ್ಟಿಟ್ಯೂಡ್ ಟೆಸ್ಟ್ ಮತ್ತು ಸಂದರ್ಶನ. ವಿಮಾನ ಕಂಪನಿಗಳ ಕೆಡೆಟ್ ಕಾರ್ಯಕ್ರಮಗಳಲ್ಲಿ ಲಿಖಿತ ಪರೀಕ್ಷೆ, ಕಂಪ್ಯೂಟರ್ ಆಪ್ಟಿಟ್ಯೂಡ್ ಟೆಸ್ಟ್, ಗುಂಪು ಚಟುವಟಿಕೆ, ಸಂದರ್ಶನ ಎಂದು ಹಲವು ಮೆಟ್ಟಿಲು.

ಆದರೆ ಎಲ್ಲ ಫ್ಲೈಯಿಂಗ್ ಸ್ಕೂಲ್‌ಗಳಲ್ಲೂ ಇಂಥ ಜರಡಿ ಇರುವುದಿಲ್ಲ. ಕೆಲವು ಕಡೆ ಹಣ ಕಟ್ಟಬಲ್ಲವರೆಲ್ಲ ‘ಆಯ್ಕೆ’ ಆಗುತ್ತಾರೆ. ಕಠಿಣ ಪರೀಕ್ಷೆ ಮಕ್ಕಳಿಗೆ ಅಡ್ಡಿ ಎಂದು ನಮಗೆ ಅನಿಸಬಹುದು. ಆದರೆ ಐವತ್ತು ಲಕ್ಷ ಖರ್ಚಾದ ಮೇಲೆ ‘ನಿನಗೆ ಆಗುವುದಿಲ್ಲ’ ಎನಿಸಿಕೊಳ್ಳುವುದಕ್ಕಿಂತ, ಖರ್ಚಿಗೆ ಮೊದಲೇ ಅದು ಗೊತ್ತಾಗುವುದು ಒಳ್ಳೆಯದು.

ತೀರ್ಪು: ‘ಒಂದೇ ಟೆಸ್ಟ್’ ತಪ್ಪು.

‘30,000 ಹುದ್ದೆ ಖಾಲಿ’

ಸಂಖ್ಯೆ ಗಾಳಿಯಿಂದ ಬಂದದ್ದಲ್ಲ. ಮುಂದಿನ 15ರಿಂದ 20 ವರ್ಷಗಳಲ್ಲಿ ಭಾರತಕ್ಕೆ ಸುಮಾರು 30,000 ಪೈಲಟ್‌ಗಳು ಬೇಕಾಗಬಹುದು ಎಂದು ಸರಕಾರವೇ ಹೇಳಿದೆ. ಫಾರ್ವರ್ಡ್ ಮಾಡಿದವರು ‘15ರಿಂದ 20 ವರ್ಷ’ ಎಂಬುದನ್ನು ಕತ್ತರಿಸಿ ‘ಬೇಕಾಗಬಹುದು’ ಎಂಬುದನ್ನು ‘ಖಾಲಿ’ ಮಾಡಿದ್ದಾರೆ, ಅಷ್ಟೆ.

ಈಗ ಭಾಗಾಕಾರ ಮಾಡಿ. 30,000ವನ್ನು 20 ವರ್ಷಕ್ಕೆ ಹಂಚಿದರೆ ವರ್ಷಕ್ಕೆ 1,500. 15 ವರ್ಷಕ್ಕೆ ಹಂಚಿದರೆ 2,000. ಡಿಜಿಸಿಎ 2023ರಲ್ಲಿ 1,622, 2024ರಲ್ಲಿ 1,342 ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಕೊಟ್ಟಿದೆ. ಅಂದರೆ ಬೇಡಿಕೆಯೂ ಪೂರೈಕೆಯೂ ಹತ್ತಿರ ಹತ್ತಿರ ಇವೆ, ಬಾಗಿಲು ತೆರೆದು ಯಾರೂ ಕಾಯುತ್ತಿಲ್ಲ. ಮೇಲಾಗಿ ಈ ಕ್ಷೇತ್ರದಲ್ಲಿ ಅಲೆ ಹೆಚ್ಚು. ಒಂದು ಕಂಪನಿ ನಿಂತರೆ ಅಲ್ಲಿನ ಅನುಭವಿ ಪೈಲಟ್‌ಗಳೂ ಹೊಸಬರ ಸಾಲಿಗೇ ಬಂದು ನಿಲ್ಲುತ್ತಾರೆ.

ತೀರ್ಪು: ಅರ್ಧ ನಿಜ. ಅರ್ಧ ನಿಜವೇ ಹೆಚ್ಚು ಅಪಾಯ.

‘ಕನ್ನಡಕ ಇದ್ದರೆ ಆಗಲ್ಲ’

ಸುಳ್ಳು. ಕನ್ನಡಕ ಅಥವಾ ಕಾಂಟ್ಯಾಕ್ಟ್ ಲೆನ್ಸ್ ಹಾಕಿ ದೃಷ್ಟಿ ನಿಗದಿತ ಮಟ್ಟಕ್ಕೆ ಬಂದರೆ ವಿಮಾನ ಕಂಪನಿಯ ಪೈಲಟ್ ಆಗಲು ಅಡ್ಡಿಯಿಲ್ಲ. ವಾಯುಪಡೆಯ ಯುದ್ಧವಿಮಾನ ಪೈಲಟ್‌ಗಳ ಕಟ್ಟುನಿಟ್ಟಾದ ನಿಯಮವನ್ನು ಜನ ಇಲ್ಲಿಗೂ ಹಚ್ಚಿದ್ದಾರೆ. ಆರಡಿ ಎತ್ತರ ಬೇಕು ಎಂಬುದೂ ಇದೇ ಜಾತಿಯ ಮಾತು. ಫುರ್ಸತ್‌ಗಂಜ್ ಅಕಾಡೆಮಿ ಕೇಳುವುದು 158 ಸೆಂ.ಮೀ.

ನಿಜವಾದ ತೊಡಕು ಇರುವುದು ಬಣ್ಣದಲ್ಲಿ. ಕೆಂಪು, ಹಸಿರು ಗುರುತಿಸುವ ವಂಶವಾಹಿ ಎಕ್ಸ್ ವರ್ಣತಂತುವಿನಲ್ಲಿದೆ. ಗಂಡಸರಿಗೆ ಎಕ್ಸ್ ಒಂದೇ ಇರುವುದರಿಂದ ಅದರಲ್ಲಿ ದೋಷವಿದ್ದರೆ ಸರಿದೂಗಿಸಲು ಇನ್ನೊಂದು ಇಲ್ಲ. ಆದ್ದರಿಂದ ಬಣ್ಣಗುರುಡು ಹುಡುಗರಲ್ಲಿ ಹೆಚ್ಚು, ಹುಡುಗಿಯರಲ್ಲಿ ಅಪರೂಪ. ಎಷ್ಟೋ ಹುಡುಗರಿಗೆ ಹದಿನೆಂಟು ವರ್ಷವಾದರೂ ಅದು ಇದೆ ಎಂದೇ ಗೊತ್ತಿರುವುದಿಲ್ಲ. ಚುಕ್ಕಿಗಳ ನಡುವೆ ಅಂಕಿ ಗುರುತಿಸುವ ಇಶಿಹಾರಾ ಪರೀಕ್ಷೆಯಲ್ಲಿ ಅದು ಹೊರಬೀಳುತ್ತದೆ. ಹುಟ್ಟಿನಿಂದ ಬಂದದ್ದಕ್ಕೆ ಕಣ್ಣಿನ ವ್ಯಾಯಾಮವಾಗಲಿ, ಕ್ಯಾರೆಟ್ ರಸವಾಗಲಿ ಮದ್ದಲ್ಲ. ಅಂದ ಹಾಗೆ, ಕ್ಯಾರೆಟ್ ತಿಂದ ಪೈಲಟ್‌ಗಳಿಗೆ ಕತ್ತಲಲ್ಲೂ ಕಾಣುತ್ತದೆ ಎಂಬ ಕಥೆ ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ ಹಬ್ಬಿಸಿದ್ದು. ವಿಮಾನದಲ್ಲಿ ರೇಡಾರ್ ಇಟ್ಟಿದ್ದ ಗುಟ್ಟು ಮುಚ್ಚಿಡಲು ಅದು ನೆರವಾಯಿತು. ಆ ಕಾಲದ ಫಾರ್ವರ್ಡ್ ಅದು.

ಹಾಗಾಗಿ ತಯಾರಿಯ ಮೊದಲ ಹೆಜ್ಜೆ ಪುಸ್ತಕ ಅಲ್ಲ, ವೈದ್ಯಕೀಯ ತಪಾಸಣೆ. ಡಿಜಿಸಿಎ ಮಾನ್ಯ ಮಾಡಿದ ವೈದ್ಯರಲ್ಲಿ ಕ್ಲಾಸ್ 2, ಆಮೇಲೆ ಇನ್ನೂ ವಿವರವಾದ ಕ್ಲಾಸ್ 1. ಬೆಂಗಳೂರಿನಲ್ಲಿ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯೇ ಇದೆ. ಕ್ಲಾಸ್ 2 ತಪಾಸಣೆಗೆ ಆಗುವುದು ಕೆಲವು ಸಾವಿರ. ಎರಡೂ ಕೈಗೆ ಬರುವ ತನಕ ಲಕ್ಷದ ಮಾತೇ ಬೇಡ.

‘ಈ ಆಪ್ ಕೊಂಡರೆ ಟೆಸ್ಟ್ ಪಾಸ್’

ಕಂಪ್ಯೂಟರ್ ಆಪ್ಟಿಟ್ಯೂಡ್ ಟೆಸ್ಟ್ ಹೇಗಿರುತ್ತದೆ? ಉದಾಹರಣೆಗೆ, ಜಾಯ್‌ಸ್ಟಿಕ್ ಹಿಡಿದು ಓಡಾಡುವ ಚುಕ್ಕಿಯನ್ನು ನಡುಗೆರೆಯಲ್ಲಿ ಇಡಬೇಕು. ಅದೇ ಹೊತ್ತಿಗೆ ಹೆಡ್‌ಫೋನ್‌ನಲ್ಲಿ ಬರುವ ಅಂಕಿ ಕೇಳಿ ಗುಂಡಿ ಒತ್ತಬೇಕು. ಎರಡು ಡಯಲ್ ನೋಡಿ ವಿಮಾನ ಯಾವ ಕಡೆ ಮುಖ ಮಾಡಿದೆ ಎಂದು ಹೇಳಬೇಕು. ಕಂಡ ಅಂಕಿಗಳನ್ನು ನೆನಪಿಟ್ಟು ಸ್ವಲ್ಪ ಹೊತ್ತಿನ ಮೇಲೆ ಬರೆಯಬೇಕು. ಬಾಯಿಲೆಕ್ಕ ಬೇಗ ಮಾಡಬೇಕು. ಜಾಣತನಕ್ಕಿಂತ ಹೆಚ್ಚಾಗಿ, ಕೆಲಸ ಒತ್ತರಿಸಿ ಬಂದಾಗ ತಲೆ ಎಷ್ಟು ನಿಧಾನಕ್ಕೆ, ಕ್ರಮವಾಗಿ ನಡೆಯುತ್ತದೆ ಎಂದು ನೋಡುತ್ತಾರೆ.

ಅಭ್ಯಾಸದಿಂದ ಅಂಕ ಏರುತ್ತದೆಯೇ? ಒಂದು ಮಟ್ಟಕ್ಕೆ ಹೌದು. ಮೊದಲ ಸಲ ನೋಡಿದಾಗಿನ ಗಾಬರಿ ಎರಡನೇ ಸಲ ಇರುವುದಿಲ್ಲ, ಹೆಚ್ಚಿನ ಏರಿಕೆ ಅಲ್ಲೇ. ಅಷ್ಟಕ್ಕೆ ಉಚಿತ ಮಾದರಿಗಳು ಸಾಕು. ‘ಮಿದುಳಿನ ಶಕ್ತಿಯನ್ನೇ ಹೆಚ್ಚಿಸುತ್ತೇವೆ’ ಎನ್ನುವ ದುಬಾರಿ ಆಪ್‌ಗಳ ಮಾತು ಬೇರೆ. 2010ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ 11,430 ಜನ ಆರು ವಾರ ಇಂಥ ಆಟ ಆಡಿದರು. ಆಡಿದ ಆಟದಲ್ಲಿ ಪಳಗಿದರು, ಬೇರೆ ಕೆಲಸಕ್ಕೆ ಆ ಲಾಭ ದಾಟಲಿಲ್ಲ. ಒಂದೆಲಗದ ತಂಬುಳಿ ನನಗೂ ಇಷ್ಟ. ಆದರೆ ಪರೀಕ್ಷೆಯ ವಾರ ಉಂಡರೆ ಅಂಕ ಏರುತ್ತದೆ ಎನ್ನಲು ಆಧಾರ ಇಲ್ಲ.

ಬಾಯಿಲೆಕ್ಕಕ್ಕೆ ನಮ್ಮ ಕರಾವಳಿಯೇ ಸಾಕು. ಬಜ್ಪೆಯ ಮಂಗಳೂರು ವಿಮಾನ ನಿಲ್ದಾಣದ ರನ್‌ವೇ ಒಂದು ತುದಿಯಲ್ಲಿ 24, ಇನ್ನೊಂದು ತುದಿಯಲ್ಲಿ 06 ಎಂದು ಬರೆದಿದೆ. 24 ಎಂದರೆ ಆ ಕಡೆಯಿಂದ ಇಳಿಯುವಾಗ ದಿಕ್ಸೂಚಿ ಸುಮಾರು 240 ಡಿಗ್ರಿ, ನೈಋತ್ಯಕ್ಕೆ ಮುಖ. ಎದುರು ದಿಕ್ಕಿಗೆ 180 ಕಳೆದರೆ 60, ಅದೇ 06. ಇನ್ನೊಂದು: ಸಾವಿರ ಅಡಿ ಇಳಿಯಲು ಮೂರು ನಾಟಿಕಲ್ ಮೈಲಿ ಎಂಬುದು ಪೈಲಟ್‌ಗಳ ಅಂದಾಜು ಸೂತ್ರ. ಬಜ್ಪೆಗೆ ಇಳಿಯುವ ವಿಮಾನ ಬೈಂದೂರಿನ ಮೇಲಿಂದ ನೇರ ಬಂದರೆ ದೂರ ಸುಮಾರು 100 ಕಿ.ಮೀ., ಅಂದರೆ 54 ನಾಟಿಕಲ್ ಮೈಲಿ. ಮೂರರಿಂದ ಭಾಗಿಸಿದರೆ 18. ಬೈಂದೂರಿನ ಮೇಲೆ ಅದು ಸುಮಾರು 18,000 ಅಡಿಯಲ್ಲಿ ಇರಬೇಕು. ಇಂಥ ಲೆಕ್ಕವನ್ನು ದಿನಕ್ಕೆ ಹತ್ತು, ಪೆನ್ನು ಹಿಡಿಯದೆ ಮಾಡಿ.

ಇನ್ನೊಂದು ವಿಷಯ ಯಾವ ಕೋಚಿಂಗ್‌ನವರೂ ಹೇಳುವುದಿಲ್ಲ. ನಮ್ಮ ಮಕ್ಕಳು ಕುಂದಾಪುರದಲ್ಲಿ ರಾತ್ರಿ ಬಸ್ ಹತ್ತಿ, ಘಾಟಿಯಲ್ಲಿ ಅರೆನಿದ್ದೆ ಮಾಡಿ, ಬೆಳಿಗ್ಗೆ ಬೆಂಗಳೂರಲ್ಲಿ ಇಳಿದು ನೇರ ಪರೀಕ್ಷೆಗೆ ಹೋಗುತ್ತಾರೆ. 17 ಗಂಟೆ ಎಚ್ಚರ ಇದ್ದವರ ಕೈ-ಕಣ್ಣಿನ ಹೊಂದಾಣಿಕೆ ರಕ್ತದಲ್ಲಿ ಶೇ. 0.05 ಮದ್ಯ ಇದ್ದವರಷ್ಟು ಕುಸಿಯುತ್ತದೆ ಎಂದು 1997ರ ಅಧ್ಯಯನ ತೋರಿಸಿದೆ. ನಮ್ಮ ದೇಶದಲ್ಲಿ ವಾಹನ ಓಡಿಸುವವರಿಗೆ ಇರುವ ಮಿತಿಯೇ 0.03. ಒಂದು ದಿನ ಮೊದಲೇ ಹೋಗಿ ಮಲಗಿ. ಲಾಡ್ಜಿನ ಬಾಡಿಗೆ ಆಪ್‌ನ ಶುಲ್ಕಕ್ಕಿಂತ ಒಳ್ಳೆಯ ಖರ್ಚು.

‘ಕಾನ್ವೆಂಟ್ ಇಂಗ್ಲಿಷ್ ಇದ್ದವರಿಗೆ ಮಾತ್ರ’

ಇಂಗ್ಲಿಷ್ ಬೇಕು, ಅದರಲ್ಲಿ ಎರಡು ಮಾತಿಲ್ಲ. ಅಂತಾರಾಷ್ಟ್ರೀಯ ನಿಯಮದಲ್ಲಿ ಆರು ಹಂತಗಳಿವೆ, ಪೈಲಟ್‌ಗೆ ಕನಿಷ್ಠ ನಾಲ್ಕನೆಯದು ಇರಬೇಕು. ಊರಿನ ಉಚ್ಚಾರ ಇದ್ದರೆ ತಪ್ಪಲ್ಲ, ಕೇಳುವವರಿಗೆ ಅರ್ಥ ಆಗಬೇಕು. ಕನ್ನಡ ಮಾಧ್ಯಮದವರು ದಿನವೂ ಗಟ್ಟಿಯಾಗಿ ಓದಿ, ಮಾತಾಡಿ, ಅದನ್ನು ರೆಕಾರ್ಡ್ ಮಾಡಿ ಕೇಳಿದರೆ ಈ ಹಂತ ಮುಟ್ಟುವುದು ಅಸಾಧ್ಯ ಅಲ್ಲ.

ಗುಂಪು ಚಟುವಟಿಕೆ, ಸಂದರ್ಶನದಲ್ಲಿ ನೋಡುವುದು ಸ್ಟೈಲ್ ಅಲ್ಲ. ಹಾಗಾದರೆ ಏನನ್ನು? ಉತ್ತರಕ್ಕೆ ನಾವು ದೂರ ಹೋಗಬೇಕಿಲ್ಲ. 2010ರ ಮೇ 22ರಂದು ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಜನ ತೀರಿಹೋದರು, 8 ಜನ ಬದುಕಿದರು. ಕರಾವಳಿಯ ಎಷ್ಟೋ ಮನೆಗಳಲ್ಲಿ ಆ ದಿನ ಇನ್ನೂ ಮರೆತಿಲ್ಲ. ತನಿಖಾ ವರದಿ ಹೇಳಿದ್ದು ಇಷ್ಟು: ಕ್ಯಾಪ್ಟನ್ ಪ್ರಯಾಣದಲ್ಲಿ ದೀರ್ಘ ಹೊತ್ತು ನಿದ್ದೆಯಲ್ಲಿದ್ದರು, ವಿಮಾನ ಸರಿಯಾದ ಎತ್ತರದಲ್ಲಿ ಬರುತ್ತಿರಲಿಲ್ಲ, ಇಳಿಸದೆ ಮತ್ತೆ ಮೇಲೇರೋಣ ಎಂದು ಸಹ ಪೈಲಟ್ ಮೂರು ಸಲ ಹೇಳಿದರು, ಕ್ಯಾಪ್ಟನ್ ಕೇಳಲಿಲ್ಲ.

ಕಿರಿಯರು ಧೈರ್ಯವಾಗಿ ಹೇಳಬೇಕು, ಹಿರಿಯರು ಕಿವಿಗೊಡಬೇಕು. 583 ಜನರನ್ನು ಬಲಿ ತೆಗೆದುಕೊಂಡ 1977ರ ಟೆನೆರಿಫ್ ದುರಂತದ ನಂತರ ಇಡೀ ಜಗತ್ತಿನ ವಿಮಾನಯಾನ ಕಲಿತ ಪಾಠವೂ ಇದೇ. ಗುಂಪಿನಲ್ಲಿ ಎಲ್ಲರ ಬಾಯಿ ಮುಚ್ಚಿಸುವವನಿಗೂ, ಗೊತ್ತಿದ್ದೂ ಸುಮ್ಮನಿರುವವನಿಗೂ ಅಂಕ ಬೀಳದಿರುವುದು ಇದಕ್ಕೇ. ‘ದೊಡ್ಡವರ ಎದುರು ಮಾತಾಡಬೇಡ’ ಎಂದು ಬೆಳೆಸಿದ ನಮ್ಮ ಮಕ್ಕಳಿಗೆ ಬೇಕಾದ ತಯಾರಿ ಇದು. ಗೌರವ ಬಿಡದೆ, ತಪ್ಪನ್ನು ತಪ್ಪು ಎನ್ನುವುದು.

‘ಹೆಣ್ಣುಮಕ್ಕಳಿಗೆ ಅಲ್ಲ’

ಇದಕ್ಕೆ ಬೆಂಗಳೂರಿನ ಜಕ್ಕೂರು 1949ರಲ್ಲೇ ಉತ್ತರ ಕೊಟ್ಟಿದೆ. ಅಲ್ಲಿನ ಸರಕಾರಿ ವೈಮಾನಿಕ ತರಬೇತಿ ಶಾಲೆಯಿಂದ ಮೊದಲು ಪಾಸಾಗಿ ಹೊರಬಂದವರು ಉಷಾ ಸುಂದರಂ ಎಂಬ ಹೆಣ್ಣುಮಗಳು. ಇವತ್ತು ದೇಶದ ಪೈಲಟ್‌ಗಳಲ್ಲಿ ಸುಮಾರು ಶೇ. 15 ಮಹಿಳೆಯರು, ಜಾಗತಿಕ ಸರಾಸರಿ ಶೇ. 5ರ ಆಸುಪಾಸು.

‘ನೂರಕ್ಕೆ ನೂರು ಪ್ಲೇಸ್‌ಮೆಂಟ್’

ಈಗ ತೋಟದ ಮಾತಿಗೆ ಬರೋಣ. ಫುರ್ಸತ್‌ಗಂಜ್ ಅಕಾಡೆಮಿಯ ಶುಲ್ಕವೇ ಸುಮಾರು 45 ಲಕ್ಷ. ಕೆಡೆಟ್ ಕಾರ್ಯಕ್ರಮಗಳು ಕೋಟಿ ಮುಟ್ಟುತ್ತವೆ, ದಾಟುವುದೂ ಉಂಟು. ಖಾಸಗಿ ಸ್ಕೂಲ್‌ನಲ್ಲಿ ಲೈಸೆನ್ಸ್ ಪಡೆದ ಮೇಲೂ ಏರ್‌ಬಸ್ ಅಥವಾ ಬೋಯಿಂಗ್ ಓಡಿಸಲು ‘ಟೈಪ್ ರೇಟಿಂಗ್’ ಎಂಬ ಪ್ರತ್ಯೇಕ ತರಬೇತಿ ಬೇಕು, ಅದಕ್ಕೆ ಮತ್ತೆ ಲಕ್ಷಗಟ್ಟಲೆ. ಮಾಮೂಲಿ ಶಿಕ್ಷಣ ಸಾಲ 7.5 ಲಕ್ಷ ದಾಟಿದರೆ ಬ್ಯಾಂಕ್ ಆಸ್ತಿ ಅಡಮಾನ ಕೇಳುತ್ತದೆ. ಪ್ಲೇಸ್‌ಮೆಂಟ್ ಭರವಸೆ ಕೊಡುವವರನ್ನು ಒಂದೇ ಪ್ರಶ್ನೆ ಕೇಳಿ: ‘ಯಾವ ವಿಮಾನ ಕಂಪನಿ, ಯಾವ ಷರತ್ತು, ಬರೆದು ಕೊಡುತ್ತೀರಾ?’ ಕೆಡೆಟ್ ಕಾರ್ಯಕ್ರಮದಲ್ಲೂ ನೇಮಕಾತಿಗೆ ಷರತ್ತು ಇದ್ದೇ ಇರುತ್ತದೆ.

ಹಣ ಕಟ್ಟುವ ಮೊದಲು, ಈ ಕ್ರಮದಲ್ಲಿ

1. ಕ್ಲಾಸ್ 2, ಕ್ಲಾಸ್ 1 ವೈದ್ಯಕೀಯ ತಪಾಸಣೆ ಮುಗಿಸಿ.
2. ಪಿಯುಸಿಯ ಭೌತಶಾಸ್ತ್ರ, ಗಣಿತ ಗಟ್ಟಿ ಮಾಡಿ. ಆಯ್ಕೆ ಪರೀಕ್ಷೆಗೂ ಲೈಸೆನ್ಸ್ ಪರೀಕ್ಷೆಗೂ ಅದೇ ಬುನಾದಿ.
3. ನಿಜವಾಗಿ ಜರಡಿ ಹಿಡಿಯುವ ಒಂದು ಆಯ್ಕೆ ಪರೀಕ್ಷೆಯನ್ನಾದರೂ ಬರೆಯಿರಿ. ಫಲಿತಾಂಶವನ್ನು ಮನೆಯವರೆಲ್ಲ ಕೂತು ಒಪ್ಪಿಕೊಳ್ಳಿ.
4. ಸ್ಕೂಲ್ ಹೆಸರು ಡಿಜಿಸಿಎ ಮಾನ್ಯತೆಯ ಪಟ್ಟಿಯಲ್ಲಿ ಇದೆಯೇ ನೋಡಿ. 2025ರಿಂದ ಡಿಜಿಸಿಎ ಸ್ಕೂಲ್‌ಗಳಿಗೆ ದರ್ಜೆಯನ್ನೂ ಕೊಡುತ್ತಿದೆ. ಬೆಳಗಾವಿ, ಕಲಬುರಗಿಯಲ್ಲೂ ಸ್ಕೂಲ್‌ಗಳಿವೆ, ಒಮ್ಮೆ ಹೋಗಿ ಅಲ್ಲಿ ಕಲಿಯುತ್ತಿರುವವರನ್ನೇ ಮಾತಾಡಿಸಿ: 200 ಗಂಟೆ ಮುಗಿಯಲು ಎಷ್ಟು ತಿಂಗಳು ಹಿಡಿಯಿತು?
5. ಪೂರ್ತಿ ಶುಲ್ಕ ಒಂದೇ ಸಲ ಕಟ್ಟಬೇಡಿ. ನಡುವೆ ಬಿಟ್ಟರೆ ಎಷ್ಟು ವಾಪಸ್ ಎಂಬುದನ್ನು ಬರಹದಲ್ಲಿ ಪಡೆಯಿರಿ.
6. ಲೈಸೆನ್ಸ್ ಸಿಕ್ಕಿ ಎರಡು ವರ್ಷ ಕೆಲಸ ಸಿಗದಿದ್ದರೆ ಕಂತು ಕಟ್ಟುವವರು ಯಾರು? ಇದಕ್ಕೆ ಉತ್ತರ ಇಲ್ಲದಿದ್ದರೆ ಆರ್‌ಟಿಸಿ ಮನೆಯಲ್ಲೇ ಇರಲಿ.

ಮಾವನಿಗೆ ನಾನು ಕೊಟ್ಟ ಉತ್ತರ ಚಿಕ್ಕದು: ಕನ್ನಡಕ ತೊಂದರೆ ಅಲ್ಲ, ಮೊದಲು ಬಣ್ಣದ ಪರೀಕ್ಷೆ ಮಾಡಿಸಿ, ಅದಾಗದೆ ಯಾರಿಗೂ ಅಡ್ವಾನ್ಸ್ ಕೊಡಬೇಡಿ. ‘ಹಂಗಾರೆ ಆ ಮೆಸೇಜ್?’ ಎಂದರು. ಅಳಿಸಿ ಎಂದೆ. ಆ ಫಾರ್ವರ್ಡ್ ನಿಮ್ಮ ಗುಂಪಿಗೆ ಬಂದಿದ್ದರೆ ನೀವೂ ಅಳಿಸಿ. ಯಾರದೋ ಮನೆಯ ಮಗು ನಿಜವಾಗಿಯೂ ಪೈಲಟ್ ಆಗಬೇಕೆಂದು ಆಸೆಪಟ್ಟಿದ್ದರೆ, ಅವರಿಗೆ ಮೇಲಿನ ಆರು ಸಾಲು ಕಳಿಸಿ.