ಕಾರಿಗಿರುವ ಯೋಗ ಕಟ್ಟಡಕ್ಕೇಕಿಲ್ಲ?

ಮೊಮ್ಮಗನ ಒತ್ತಾಯಕ್ಕೆ ಮಣಿದು ಮೈಸೂರಿನಲ್ಲಿ ಹಳೆಯ ಕಾರುಗಳ ಪ್ರದರ್ಶನವೊಂದನ್ನು ನೋಡಿ ಬಂದೆ. ಮಾರಿಸ್ ಮೈನರ್, ಆಸ್ಟಿನ್, ಫಿಯಟ್, ಅಂಬಾಸಡರ್‌ಗಳು ಸಾಲಾಗಿ ನಿಂತಿದ್ದವು. ಮಾಲೀಕರೊಬ್ಬರು ತಮ್ಮ ಕಾರಿನ ದೀಪಗಳನ್ನು ಮೆತ್ತನೆಯ ಬಟ್ಟೆಯಿಂದ ಒರೆಸುತ್ತಿದ್ದರು. ಅವರ ಶ್ರದ್ಧೆಗೆ ತಲೆಬಾಗುತ್ತೇನೆ. ನನ್ನ ತಕರಾರು ಅವರೊಡನೆ ಅಲ್ಲ. ವೇದಿಕೆಯ ಮೇಲೆ ನಿಂತು 'ಇದೇ ನಮ್ಮ ಪರಂಪರೆ' ಎಂದು ಸಾರಿದ ಮಹನೀಯರೊಡನೆ.

ಅಲ್ಲಿಂದ ನಾನು ಲ್ಯಾನ್ಸ್‌ಡೌನ್ ಕಟ್ಟಡದತ್ತ ನಡೆದೆ. ಬಿ.ಎಡ್. ಓದುತ್ತಿದ್ದಾಗ ಅಲ್ಲಿನ ಹಳೆಯ ಪುಸ್ತಕದ ಅಂಗಡಿಗಳೇ ನನ್ನ ಗ್ರಂಥಾಲಯವಾಗಿದ್ದವು. ನಿಮಗೆ ನಾನು ತರಗತಿಯಲ್ಲಿ ಓದಿ ಹೇಳಿದ ಎಷ್ಟೋ ಪುಸ್ತಕಗಳು ಅಲ್ಲಿ ಅರ್ಧ ಬೆಲೆಗೆ ಕೊಂಡವು. 2012ರ ಆಗಸ್ಟ್‌ನಲ್ಲಿ ಆ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. ನಾಲ್ಕು ವರ್ಷಗಳ ಬಳಿಕ, 2016ರಲ್ಲಿ, ಸಮೀಪದ ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಉರುಳಿತು. ಆಮೇಲೆ ನಡೆದುದು ಕೆಡವಬೇಕೋ ಉಳಿಸಬೇಕೋ ಎಂಬ ವರ್ಷಗಟ್ಟಲೆಯ ವಾಗ್ವಾದ. ವಾದ ಮಾಡುವವರಿಗಾಗಿ ಮಳೆ ಕಾಯುವುದಿಲ್ಲ. ಗೋಡೆಯ ಬಿರುಕಿನಲ್ಲಿ ಬೇರೂರಿದ ಅರಳಿ ಗಿಡವೂ ಕಾಯುವುದಿಲ್ಲ.

ಈಗ ಕಾರಿನ ವಿಚಾರ ನೋಡಿ. ಐವತ್ತು ವರ್ಷ ದಾಟಿದ, ಮೂಲರೂಪ ಕೆಡದ ವಾಹನಗಳಿಗಾಗಿ ಕೇಂದ್ರ ಸರ್ಕಾರ 2021ರಲ್ಲಿ ಪ್ರತ್ಯೇಕ ನಿಯಮವನ್ನೇ ರೂಪಿಸಿತು. ನೋಂದಣಿಗೆ 20,000 ರೂಪಾಯಿ, ಅವಧಿ ಹತ್ತು ವರ್ಷ, ಫಲಕದಲ್ಲಿ 'ವಿಎ' ಎಂಬ ಗುರುತು. ಸಾಮಾನ್ಯ ಖಾಸಗಿ ಕಾರು ಕೂಡ ಹದಿನೈದು ವರ್ಷವಾದೊಡನೆ ಪರೀಕ್ಷೆಗೆ ಒಳಗಾಗಲೇಬೇಕು. ಆದರೆ ದಿನವೂ ಸಾವಿರಾರು ಜನ ಓಡಾಡುವ, ನೂರು ವರ್ಷ ದಾಟಿದ ಕಟ್ಟಡದ ಯೋಗಕ್ಷೇಮ ವಿಚಾರಿಸಲು ಅದು ಬೀಳಬೇಕಾಯಿತು!

'ಕಾರು ಚಿಕ್ಕದು, ಕಟ್ಟಡ ದೊಡ್ಡದು, ಹಣವೆಲ್ಲಿ?' ಎಂದು ಕೆಲವರು ಕೇಳಬಹುದು. ಹಣದ ಕೊರತೆ ನಿಜವೇ. ಆದರೆ ಗಿಡ ಚಿಕ್ಕದಿರುವಾಗಲೇ ಕಿತ್ತು, ಬಿರುಕಿಗೆ ಗಾರೆ ತುಂಬಿ, ಮಾಳಿಗೆಯ ನೀರು ಹರಿದುಹೋಗುವಂತೆ ನೋಡಿಕೊಳ್ಳಲು ಕೋಟಿಗಳು ಬೇಕಿರಲಿಲ್ಲ. ಕಾರು ಉಳಿದದ್ದು ಬರೀ ಹಣದಿಂದಲ್ಲ. 'ಇದು ನನ್ನದು, ಇದಕ್ಕೆ ನಾನು ಹೊಣೆ' ಎನ್ನುವ ಒಬ್ಬ ಮನುಷ್ಯನಿಂದ. ಕಟ್ಟಡಕ್ಕೆ ಬಾಡಿಗೆದಾರರಿದ್ದರು, ಅಧಿಕಾರಿಗಳಿದ್ದರು, ಸಮಿತಿಗಳಿದ್ದವು, ಹೊಣೆಗಾರನೊಬ್ಬನಿರಲಿಲ್ಲ.

ಪಾರಂಪರಿಕ ಕಟ್ಟಡ ಒಂದೊಂದಕ್ಕೂ ಹೆಸರು ಹಿಡಿದು ಕೇಳಬಹುದಾದ ಒಬ್ಬ ಅಧಿಕಾರಿ ಇರಲಿ. ಪ್ರತಿವರ್ಷ ಮಳೆಗಾಲಕ್ಕೆ ಮುನ್ನ ತಪಾಸಣೆ ನಡೆದು, ಅದರ ವರದಿಯನ್ನು ಬಾಗಿಲಲ್ಲೇ ಅಂಟಿಸಲಿ. ನನ್ನ ವಿದ್ಯಾರ್ಥಿಗಳಲ್ಲಿ ಇಂದು ಎಂಜಿನಿಯರುಗಳಿದ್ದೀರಿ, ವಕೀಲರಿದ್ದೀರಿ, ಸರ್ಕಾರಿ ಹುದ್ದೆಯಲ್ಲಿರುವವರೂ ಇದ್ದೀರಿ. ಇದು ಅಸಾಧ್ಯವೆನ್ನುವುದಾದರೆ ಕಾರಣ ಬರೆದು ತಿಳಿಸಿ.

ಹಿಂದಿರುಗುವಾಗ ಮೊಮ್ಮಗ ಕೇಳಿದ: "ತಾತ, ಈ ಕಟ್ಟಡವನ್ನು ಯಾರೂ ಯಾಕೆ ಒರೆಸಲಿಲ್ಲ?" ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದ ನನ್ನ ಬಳಿ ಉತ್ತರವಿರಲಿಲ್ಲ.