ಮರೆಯ ಕಂಠಗಳು

ಕಳೆದ ವಾರ್ಷಿಕೋತ್ಸವದಲ್ಲಿ ನಮ್ಮ ಬಾಲಿಕೆಯರು ಆಡಿದ ಸಂಗೀತರೂಪಕವು ವಾಚಕರಲ್ಲಿ ಹಲವರ ನೆನಪಿನಲ್ಲಿರಬಹುದು. ರಂಗದ ಮೇಲಿದ್ದ ಮೂವರು ತುಟಿಯಾಡಿಸಿದರು. ಹಾಡಿದವರು ಪರದೆಯ ಹಿಂದಿದ್ದ ಬೇರೆ ಮೂವರು. ಕಾರ್ಯಕ್ರಮಪತ್ರಿಕೆಯಲ್ಲಿ ಅಚ್ಚಾದುದು ಮೊದಲಿನವರ ಹೆಸರುಗಳು ಮಾತ್ರ. ಮರುದಿನ ತಾಯಿಯೊಬ್ಬರು ನಮ್ಮ ಕೊಠಡಿಗೆ ಬಂದು, “ಅಮ್ಮನವರೇ, ನನ್ನ ಮಗಳು ಹಾಡಿದಳೋ ಇಲ್ಲವೋ?” ಎಂದು ಕೇಳಿದರು. ನಮಗೆ ಉತ್ತರವು ತೋಚಲಿಲ್ಲ.

ಇಂಥ ಪ್ರಶ್ನೆಯು ಅಮೇರಿಕಾ ದೇಶದಲ್ಲಿ ಬಹುಹಿಂದೆಯೇ ಎದ್ದಿತ್ತು. 1966ನೆಯ ಇಸವಿಯ ಸೆಪ್ಟೆಂಬರಿನಲ್ಲಿ ಅಲ್ಲಿಯ ಟೆಲಿವಿಷನ್ನಿನಲ್ಲಿ ‘ದಿ ಮಂಕೀಸ್’ ಎಂಬ ಕಥಾಮಾಲೆಯು ಆರಂಭವಾಯಿತು. ಅದರಲ್ಲಿಯ ವಾದ್ಯಗೋಷ್ಠಿಯ ನಾಲ್ವರು ತರುಣರು ಕಥೆಗಾಗಿಯೇ ಕೂಡಿಸಲ್ಪಟ್ಟವರು. ಆದಾಗ್ಯೂ ಅವರ ಗ್ರಾಮೊಫೋನ್ ತಟ್ಟೆಗಳು ನಿಜವಾಗಿಯೇ ವಿಕ್ರಯವಾಗಿ, ಆ ವರ್ಷದಲ್ಲಿಯೇ ಅವರ ಹಾಡು ಜನಪ್ರಿಯತೆಯ ಪಟ್ಟಿಯಲ್ಲಿ ಮೊದಲನೆಯದಾಯಿತು. ಕಂಠ ಅವರದೇ, ಆದರೆ ಮೊದಲ ಎರಡು ಆಲ್ಬಮ್ಮುಗಳಲ್ಲಿ ವಾದ್ಯಗಳನ್ನು ಬಹುಮಟ್ಟಿಗೆ ನುಡಿಸಿದವರು ಕೂಲಿಯ ವಾದಕರು. ಇದು ಬಯಲಾಗಲು ನಿಂದೆ ಬಂದಿತು. ತರುಣರು ಹಟಹಿಡಿದು 1967ರ ‘ಹೆಡ್‌ಕ್ವಾರ್ಟರ್ಸ್’ ಆಲ್ಬಮ್ಮಿನಲ್ಲಿ ಬಹುಪಾಲು ತಾವೇ ನುಡಿಸಿದರು, ಅದೂ ಪ್ರಥಮಸ್ಥಾನಕ್ಕೇರಿತು.

‘ದಿ ಆರ್ಚೀಸ್’ ಎಂಬವರ ಸಂಗತಿಯು ಇನ್ನೂ ವಿಚಿತ್ರ. ಅವರು ಮನುಷ್ಯರೇ ಅಲ್ಲ, ಬರೆದ ಚಿತ್ರಗಳು! 1969ರಲ್ಲಿ ಅವರ ‘ಶುಗರ್, ಶುಗರ್’ ಹಾಡು ಅಮೇರಿಕಾದಲ್ಲಿ ನಾಲ್ಕು ವಾರ ಅಗ್ರಸ್ಥಾನದಲ್ಲಿತ್ತು. ಹಾಡಿದವರು ರಾನ್ ಡಾಂಟೆ. ಜೊತೆಗೂಡಿದವರಲ್ಲಿ ಒಬ್ಬಳು ಟೋನಿ ವೈನ್. ಗಾಯಕರೆಂದು ತಟ್ಟೆಯ ಮೇಲಿದ್ದುದೋ ಆರ್ಚೀಸರ ಹೆಸರು. ಬಣ್ಣದ ಗೆರೆಗಳಿಗೆ ಕೀರ್ತಿ, ಗಂಟಲು ಒಣಗಿಸಿಕೊಂಡವರಿಗೆ ಅಜ್ಞಾತವಾಸ.

ಇಂಥ ತಂಡಗಳೆಲ್ಲ ಬರಿಯ ವಂಚನೆಯೆಂದು ಕೆಲವರು ಹೇಳುವರು. ನಾವು ಅದನ್ನು ಒಪ್ಪುವುದಿಲ್ಲ. ರಾಣಿಯ ವೇಷ ಹಾಕಿದ ಹುಡುಗಿಯನ್ನು ಯಾರೂ ಸುಳ್ಳುಗಾತಿಯೆನ್ನರು. ಒಬ್ಬಳ ದುಡಿಮೆಯನ್ನು ಇನ್ನೊಬ್ಬಳ ಲೆಕ್ಕಕ್ಕೆ ಬರೆಯುವುದೇ ತಪ್ಪು. ಆ ತಪ್ಪು ವೇಷ ಹಾಕಿದವಳದಲ್ಲ, ಲೆಕ್ಕ ಬರೆದವರದು. ಹೆಸರು ತಿಳಿಸಿದರೆ ನಾಟಕದ ಭ್ರಮೆ ಕೆಡುವುದೆಂದು ನಮ್ಮ ಉಪಾಧ್ಯಾಯಿನಿಯೊಬ್ಬರು ವಾದಿಸಿದರು. 2025ರಲ್ಲಿ ‘ಕೆಪಾಪ್ ಡೀಮನ್ ಹಂಟರ್ಸ್’ ಎಂಬ ಚಿತ್ರದ ಕಲ್ಪಿತ ಗಾಯಕಿಯರ ‘ಗೋಲ್ಡನ್’ ಹಾಡು ಅಮೇರಿಕಾದಲ್ಲಿ ಮೊದಲನೆಯದಾದಾಗ, ಕಲ್ಪಿತ ತಂಡದ ಹೆಸರಿನೊಡನೆ ಈಜೇ, ಆಡ್ರಿ ನೂನಾ, ರೇ ಆಮಿ ಎಂಬ ನಿಜವಾದ ಗಾಯಕಿಯರ ಹೆಸರುಗಳೂ ಇದ್ದವು. ಭ್ರಮೆಗೇನೂ ಕುಂದು ಬರಲಿಲ್ಲ. ನಮ್ಮ ವಿದ್ಯಾರ್ಥಿನಿಲಯದ ಹುಡುಗಿಯರ ಗುನುಗುವಿಕೆಯೇ ಸಾಕ್ಷಿ.

ಪರದೆಯ ಹಿಂದೆ ಹಾಡಿದ ಆ ಮೂವರ ಹೆಸರುಗಳನ್ನು ಈ ಸಂಚಿಕೆಯ ಕೊನೆಯ ಪುಟದಲ್ಲಿ ಅಚ್ಚು ಮಾಡಿಸಿದ್ದೇವೆ. ಬಹಳ ತಡವಾಯಿತು. ಆ ತಾಯಿಯವರಿಗೆ ಒಂದು ಪ್ರತಿಯನ್ನು ನಾವೇ ಒಯ್ದು ಕೊಡುವೆವು.