ಸಂಪಾದಕರ ಮಾತು: ಹಸ್ತಪ್ರತಿ ಓದುವವರು ಯಾರು?

ಗಡಿ ತಾಲೂಕುಗಳಲ್ಲಿ ಕಾದಂಬರಿಕಾರರು ಹುಟ್ಟುವುದೇ ನಿಂತುಹೋಗಿದೆ, ಅಲ್ಲಿಯವರು ಕನ್ನಡ ಮರಾಠಿ ಎಂಬ ಎರಡು ದೋಣಿಗಳಲ್ಲಿ ಕಾಲಿಟ್ಟವರು, ದೀರ್ಘ ಬರವಣಿಗೆ ಅವರ ಕೈಗೆ ಹತ್ತುವುದಿಲ್ಲ ಎಂದು ರಾಜಧಾನಿಯ ಸಾಹಿತ್ಯ ಪತ್ರಿಕೆಯೊಂದು ಬರೆದಿದೆ. ಆ ಮಾತು ಸುಳ್ಳು. ಅದನ್ನು ಸುಳ್ಳೆನ್ನಲು ಶೇಡಬಾಳದ ಒಬ್ಬರ ಹೆಸರು ಸಾಕು.

ಮಿರ್ಜಿ ಅಣ್ಣಾರಾಯರು 1918ರಲ್ಲಿ ಹುಟ್ಟಿದ್ದು ಅಲ್ಲಿ. ಹಿಂದೆ ಅಥಣಿ ತಾಲೂಕಿನಲ್ಲಿದ್ದ ಆ ಊರು ಈಗ ಕಾಗವಾಡ ತಾಲೂಕಿಗೆ ಸೇರಿದೆ. ಶಾಲಾ ಮಾಸ್ತರಿಕೆ ಮಾಡುತ್ತ ಅವರು ಬರೆದ ‘ನಿಸರ್ಗ’ ಕಾದಂಬರಿ ಕೃಷ್ಣೆಯ ದಂಡೆಯ ಜೈನ ಒಕ್ಕಲು ಮನೆಗಳ ಬದುಕನ್ನು, ಆ ಮನೆಗಳ ಮಾತಿನಲ್ಲಿಯೇ ಕನ್ನಡಕ್ಕೆ ತಂದಿತು. ಪ್ರಾದೇಶಿಕ ಕಾದಂಬರಿಯ ಮಾತು ಬಂದಾಗಲೆಲ್ಲ ವಿಮರ್ಶಕರು ಈ ಹೆಸರನ್ನು ಎತ್ತುತ್ತಾರೆ. ‘ರಾಮಣ್ಣ ಮಾಸ್ತರು’, ‘ಅಶೋಕ ಚಕ್ರ’ ಆಮೇಲೆ ಬಂದವು. ಪಕ್ಕದ ಗೋಕಾಕ ಸೀಮೆಯ ಮಲಾಮರಡಿಯಿಂದ ಬಸವರಾಜ ಕಟ್ಟೀಮನಿ ಬಂದರು. ಅದೇ ಸೀಮೆಯ ಬೆಟಗೇರಿ ಕೃಷ್ಣಶರ್ಮರು ತಾವೂ ಬರೆದರು, ‘ಜಯಂತಿ’ ಪತ್ರಿಕೆ ನಡೆಸಿ ಬೇರೆಯವರಿಂದಲೂ ಬರೆಸಿದರು. ಇವರೆಲ್ಲರ ಸುತ್ತಲೂ ಮರಾಠಿ ಇತ್ತು. ಮುಂಬಯಿ ಪ್ರಾಂತದ ಕಾಲದಲ್ಲಿ ಈಗಿನದಕ್ಕಿಂತ ಹೆಚ್ಚೇ ಇತ್ತು.

ಹಾಗಿದ್ದರೆ ಈಗ ಏನಾಗಿದೆ? ಬರೆಯುವವರು ಕಡಿಮೆಯಾಗಿಲ್ಲ, ಬರೆದದ್ದನ್ನು ಓದುವವರು ಇಲ್ಲವಾಗಿದ್ದಾರೆ.

1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಮನೋಹರ ಗ್ರಂಥಮಾಲೆಯನ್ನು ಶುರುಮಾಡಿದಾಗ ಅವರ ಬೆನ್ನಿಗಿದ್ದವರು ಚಂದಾದಾರರು. ಮುಂಗಡ ಹಣ ಕೊಟ್ಟ ಓದುಗ, ವರ್ಷಕ್ಕಿಷ್ಟು ಪುಸ್ತಕ. ಹೊಸಬನ ಕೃತಿಯೂ ಹೆಸರಾಂತವರ ಕೃತಿಯೂ ಒಂದೇ ಕಟ್ಟಿನಲ್ಲಿ ಅದೇ ಓದುಗನ ಮನೆ ಸೇರುತ್ತಿದ್ದವು. ಗ್ರಂಥಮಾಲೆಯ ಅಟ್ಟದ ಮೇಲೆ ಜೋಶಿಯವರೂ ಕೀರ್ತಿನಾಥ ಕುರ್ತಕೋಟಿಯವರೂ ಹಸ್ತಪ್ರತಿ ಓದುತ್ತಿದ್ದರು, ಚರ್ಚಿಸುತ್ತಿದ್ದರು. ಹರೆಯದ ಗಿರೀಶ ಕಾರ್ನಾಡರ ಮೊದಲ ನಾಟಕ ‘ಯಯಾತಿ’ 1961ರಲ್ಲಿ ಅಲ್ಲಿಂದ ಬಂತು. 1965ರಲ್ಲಿ ಅನಂತಮೂರ್ತಿಯವರ ಮೊದಲ ಕಾದಂಬರಿ ‘ಸಂಸ್ಕಾರ’ವೂ ಅಲ್ಲಿಂದಲೇ ಬಂತು. ತೀರ್ಥಹಳ್ಳಿ ಸೀಮೆಯ ಲೇಖಕನಿಗೆ ಧಾರವಾಡದಲ್ಲಿ ಓದುಗ ಸಿಕ್ಕ. ರಾಯಬಾಗದ ಲೇಖಕನಿಗೆ ಇಂದು ಅಂಥವರು ಎಲ್ಲಿ ಸಿಗುತ್ತಾರೆ?

ನಮ್ಮ ಕಡೆಯ ತರುಣನ ದಾರಿ ಹೀಗಿದೆ. ಮೂರು ನೂರು ಪುಟ ಬರೆದು, ಸಾಲ ಮಾಡಿ ಡಿ.ಟಿ.ಪಿ. ಮಾಡಿಸಿ, ಐನೂರು ಕಿಲೋಮೀಟರ್ ಆಚೆಗೆ ಕಳಿಸುತ್ತಾನೆ. ತಿಂಗಳುಗಟ್ಟಲೆ ಉತ್ತರವಿಲ್ಲ. ಕಡೆಗೆ ಬಂದರೂ ಕಾದಂಬರಿಯ ಬಗ್ಗೆ ಅದರಲ್ಲಿ ಒಂದು ಮಾತೂ ಇರುವುದಿಲ್ಲ. ಖರ್ಚು ನೀವು ಹಾಕುತ್ತೀರಾ, ಎಷ್ಟು ಪ್ರತಿ ನೀವೇ ಕೊಳ್ಳುತ್ತೀರಿ, ಇಷ್ಟೇ ಪ್ರಶ್ನೆ. ಹಾಕುತ್ತೇನೆ ಎಂದವನ ಪುಸ್ತಕ ಅಚ್ಚಾಗುತ್ತದೆ. ಊರ ಕನ್ನಡ ಭವನದಲ್ಲಿ ಬಿಡುಗಡೆ, ಶಾಲು, ಹಾರ, ಫೋಟೊ. ಉಳಿದ ಕಟ್ಟುಗಳು ಮಂಚದ ಕೆಳಗೆ ಸೇರುತ್ತವೆ. ಸಕ್ಕರೆ ಕಾರ್ಖಾನೆಯಲ್ಲಿ ಹಂಗಾಮಿ ಕೆಲಸದಲ್ಲಿರುವ ಒಬ್ಬ ಹುಡುಗ ಹೆಂಡತಿಯ ಬೋರಮಾಳ ಅಡವಿಟ್ಟು ಹೀಗೆ ಪುಸ್ತಕ ಮಾಡಿಸಿದ. ಅದರಲ್ಲಿ ಕಬ್ಬು ಕಡಿಯುವ ಗ್ಯಾಂಗಿನ ಹೆಂಗಸರಾಡುವ ಮಾತನ್ನೆಲ್ಲ ಯಾರೋ ತಿದ್ದಿ ಪಠ್ಯಪುಸ್ತಕದ ಕನ್ನಡಕ್ಕೆ ತಿರುಗಿಸಿದ್ದರು. ಅವನನ್ನು ಒಂದು ಮಾತು ಕೇಳಿರಲಿಲ್ಲ. ಆ ಪುಸ್ತಕ ನೋಡಿ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ‘ನಿಸರ್ಗ’ಕ್ಕೆ ಹೀಗಾಗಿದ್ದರೆ ನಾವು ಇಂದು ಅಣ್ಣಾರಾಯರ ಹೆಸರು ಹೇಳುತ್ತಿದ್ದೆವೇ?

ಮರಾಠಿಯ ಪ್ರಭಾವವೇ ಅಡ್ಡಿ ಎನ್ನುವವರು ನಿಪ್ಪಾಣಿಯ ಮಹಾದೇವ ಮೋರೆಯವರನ್ನು ನೋಡಬೇಕಿತ್ತು. ಹಿಟ್ಟಿನ ಗಿರಣಿ ನಡೆಸಿ ಹೊಟ್ಟೆ ಹೊರೆದವರು. ತಂಬಾಕು ವಖಾರಿಯ ಹೆಣ್ಣುಮಕ್ಕಳು, ಡ್ರೈವರು, ಕ್ಲೀನರು, ಜೋಗತಿಯರು ಅವರ ಕಥೆ ಕಾದಂಬರಿಗಳ ಜನ. 2024ರಲ್ಲಿ ತೀರಿಕೊಂಡಾಗ ಮಹಾರಾಷ್ಟ್ರ ಅವರನ್ನು ತನ್ನ ಲೇಖಕ ಎಂದೇ ನೆನೆಯಿತು. ಬದುಕಿದ್ದು ಕರ್ನಾಟಕದಲ್ಲಿ, ಬರೆದದ್ದು ಕರ್ನಾಟಕದ ದುಡಿಯುವ ಜನರನ್ನು, ಬರೆದ ಭಾಷೆ ಮರಾಠಿ. ಅದರ ಬಗ್ಗೆ ನನಗೆ ತಕರಾರಿಲ್ಲ, ಅವರು ದೊಡ್ಡ ಲೇಖಕರು. ಅವರಿಗೆ ಓದುಗ ಹತ್ತಿರದಲ್ಲೇ ಇದ್ದ: ನಿಪ್ಪಾಣಿಯಿಂದ ಕೊಲ್ಹಾಪುರ ಸುಮಾರು ನಾಲ್ವತ್ತು ಕಿಲೋಮೀಟರ್. ಮರಾಠಿಯಲ್ಲಿ ದಿವಾಳಿ ಅಂಕಗಳ, ಅಂದರೆ ದೀಪಾವಳಿ ವಿಶೇಷಾಂಕಗಳ, ದೊಡ್ಡ ಪರಂಪರೆ ಇದೆ. ನೀಳ್ಗತೆಯನ್ನೂ ಇಡೀ ಕಾದಂಬರಿಯನ್ನೂ ಅವು ಹಾಕುತ್ತವೆ, ಹೊಸಬರನ್ನು ಹುಡುಕುತ್ತವೆ. ಗಿರಣಿಯವನ ಬರಹಕ್ಕೆ ಅಲ್ಲಿ ಓದುಗ ಸಿಕ್ಕ. ಅದೇ ಪೇಟೆಯಲ್ಲಿ ಕನ್ನಡದಲ್ಲಿ ಬರೆಯುವ ಬೀಡಿ ಕಾರ್ಮಿಕಳ ಮಗನಿಗೆ ನಾವು ಏನು ಕೊಟ್ಟಿದ್ದೇವೆ? ನಮ್ಮ ವಾರಪತ್ರಿಕೆಗಳ ಧಾರಾವಾಹಿಗಳು ಒಂದು ಕಾಲಕ್ಕೆ ಮನೆಮನೆಯಲ್ಲಿ ಕಾದಂಬರಿಕಾರರನ್ನು ಬೆಳೆಸಿದವು, ಈಗ ಆ ಪುಟಗಳೂ ಕುಗ್ಗಿವೆ. ಛಂದ ಪುಸ್ತಕದವರು ಹೊಸಬರ ಹಸ್ತಪ್ರತಿಗೆ ಬಹುಮಾನ ಕೊಟ್ಟು ಅಚ್ಚು ಹಾಕುವುದು ನಿಜವಾಗಿಯೂ ಒಳ್ಳೆಯ ಕೆಲಸ. ಆದರೆ ಅದು ಕಥಾಸಂಕಲನಗಳಿಗೆ.

ಸರಕಾರದ ಹಾದಿಯೂ ಕಾದಂಬರಿಗೆ ಅನುಕೂಲವಾಗಿಲ್ಲ. ಗ್ರಂಥಾಲಯ ಇಲಾಖೆಯ ಸಗಟು ಖರೀದಿ ಮುನ್ನೂರು ಪ್ರತಿಗಳ ಲೆಕ್ಕದ್ದು, ದರ ಪುಟಕ್ಕಿಷ್ಟು. ಕಾಗದದ ಬೆಲೆ ಏರಿದ ವೇಗದಲ್ಲಿ ಆ ದರ ಏರಲಿಲ್ಲ, ಹಣ ಕೈಗೆ ಬರುವುದೂ ತಡ. ಪ್ರಕಾಶಕ ಆ ಖರೀದಿಯನ್ನೇ ನೆಚ್ಚಿ ಕೂತಾಗ ಹೊಸಬನ ದಪ್ಪ ಕಾದಂಬರಿಯನ್ನು ಮೊದಲು ಪಕ್ಕಕ್ಕಿಡುತ್ತಾನೆ. ಪುಸ್ತಕ ಪ್ರಾಧಿಕಾರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ಸ್ವಾಗತ. ಆ ಹಣ ಅಚ್ಚಿನ ಖರ್ಚಿಗೆ. ನಾಲ್ಕನೆಯ ಅಧ್ಯಾಯ ಜಾರಿದೆ, ಅತ್ತೆಯ ಪಾತ್ರ ಅರ್ಧಕ್ಕೇ ನಿಂತಿದೆ ಎಂದು ಲೇಖಕನ ಎದುರು ಕೂತು ಹೇಳುವವರಿಗೆ ಯಾವ ಯೋಜನೆಯಲ್ಲೂ ಜಾಗವಿಲ್ಲ. ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ 2010ರಿಂದ ಇದೆ. 2011ರಲ್ಲಿ ಬೆಳಗಾವಿಯಲ್ಲಿ ವಿಶ್ವ ಕನ್ನಡ ಸಮ್ಮೇಳನ ಆಯಿತು, ಮರುವರ್ಷ ಸುವರ್ಣ ವಿಧಾನಸೌಧ ನಿಂತಿತು. ಗಡಿ ವಿವಾದದ ಮಹಾಜನ ವರದಿಯ ಹೆಸರು ಕೇಳಿದೊಡನೆ ನಮ್ಮ ಹೋರಾಟಗಾರರು ಬೀದಿಗಿಳಿಯುತ್ತಾರೆ, ನಾವೂ ಇಳಿದಿದ್ದೇವೆ. ಗಡಿಯಲ್ಲಿ ಕನ್ನಡ ಉಳಿಸುವ ಈ ಎಲ್ಲ ಲೆಕ್ಕದಲ್ಲಿ ನಮ್ಮ ಐದು ಗಡಿ ತಾಲೂಕುಗಳಿಗೆ ಸೇರಿ ಒಬ್ಬ ಹಸ್ತಪ್ರತಿ ಸಂಪಾದಕನ ಸಂಬಳ ಸೇರಿಲ್ಲ. ಭವನಕ್ಕೆ ಹಣವಿದೆ, ಪುಸ್ತಕ ಓದಿಸುವುದಕ್ಕೆ ಇಲ್ಲ. ಅಂಥ ಒಬ್ಬ ಸಂಪಾದಕ ಬೇಕೆಂಬ ಬೇಡಿಕೆಯನ್ನು ನಾವು ಬರೆದು ಕೊಟ್ಟಿದ್ದೇವೆ, ಮತ್ತೆ ಕೊಡುತ್ತೇವೆ.

ಚಿಕ್ಕೋಡಿಯವರ ಕಾದಂಬರಿಯನ್ನು ಚಿಕ್ಕೋಡಿಯ ಓದುಗರೇ ಕೊಳ್ಳುವುದಿಲ್ಲ ಎಂಬ ಆರೋಪವೂ ಇದೆ. ಯಾವ ಅಂಗಡಿಯಲ್ಲಿ ಕೊಳ್ಳಬೇಕು? ಅಥಣಿಯ ಪೇಟೆಯಲ್ಲಿ ಗೈಡು, ನೋಟ್‌ಬುಕ್ ಸಿಗುತ್ತವೆ. ಹೊಸ ಕಾದಂಬರಿ ಬೇಕಾದವರು ಬೆಳಗಾವಿಯ ಬಸ್ಸು ಹತ್ತಬೇಕು.

ಈ ಸಂಚಿಕೆಯಲ್ಲಿ ನಮ್ಮ ಐದು ತಾಲೂಕುಗಳ ಹೊಸಬರ ಅಪ್ರಕಟಿತ ಕಾದಂಬರಿಗಳಿಂದ ಆಯ್ದ ಅಧ್ಯಾಯಗಳಿವೆ.

ಮುಂದಿನ ಸಂಚಿಕೆಯಿಂದ ಈ ಕಾದಂಬರಿಗಳಲ್ಲಿ ಒಂದನ್ನು ಪೂರ್ತಿ ಧಾರಾವಾಹಿಯಾಗಿ ಹಾಕುತ್ತೇವೆ. ಚಂದಾದಾರರು ಒಪ್ಪಿದರೆ ಆಮೇಲೆ ಪುಸ್ತಕವಾಗಿಯೂ ತರುತ್ತೇವೆ, ಅಣ್ಣಾರಾಯರ ನೆನಪಿನಲ್ಲಿ. ಲೇಖಕರಿಂದ ಒಂದು ರೂಪಾಯಿ ತೆಗೆದುಕೊಳ್ಳುವುದಿಲ್ಲ. ಸಂಭಾಷಣೆಯನ್ನು ಅವರ ಒಪ್ಪಿಗೆಯಿಲ್ಲದೆ ತಿದ್ದುವುದಿಲ್ಲ. ನಿಮ್ಮ ಹಸ್ತಪ್ರತಿಯನ್ನೂ ಕಳಿಸಬಹುದು, ಕೈಬರಹದ ಪ್ರತಿ ನಡೆಯುತ್ತದೆ. ಪುಟದ ಒಂದೇ ಮಗ್ಗಲಲ್ಲಿ ಬರೆಯಿರಿ, ನಕಲು ಇಟ್ಟುಕೊಂಡು ಕಳಿಸಿರಿ. ಪ್ರಕಟಿಸದಿದ್ದರೂ ಯಾಕೆ ಪ್ರಕಟಿಸಲಿಲ್ಲ ಎಂದು ಅಧ್ಯಾಯವಾರು ಬರೆದು ತಿಳಿಸುತ್ತೇವೆ.